ಎತ್ತಳು, ಎತ್ತಲಿಲ್ಲ: ಪದ್ಯ ಬಿಡಿಸುವ ಬಗೆ

ಪದ್ಯದ ಭಾವವೇನು ಎಂದು ಕೇಳಿದರೆ ಹೆಚ್ಚಿನವರು ‘ದುಃಖ’ ಎಂದು ಬರೆದು ಮುಗಿಸುತ್ತಾರೆ. ಅದು ಊಹೆ. ಆಧಾರ ಸಾಲಿನೊಳಗಿಂದಲೇ ಸಿಗಬೇಕು. ಉತ್ತರ ಕನ್ನಡ ಕರಾವಳಿಯ ತದಡಿಯಲ್ಲಿ, ಅಳಿವೆಯ (ನದಿ ಕಡಲು ಸೇರುವ ಜಾಗದ) ಪಕ್ಕದ ಮನೆಯೊಂದನ್ನು ನೆನೆದು, ಅಭ್ಯಾಸಕ್ಕೆಂದೇ ಕಟ್ಟಿದ ಸಾಲುಗಳಿವು:

ಅಲೆಯು ಗೊಣಗಿದೆ ಅಳಿವೆ ಬಾಯಲಿ
ಒಲೆಯ ಬೂದಿಯು ತಣಿದು ಕುಳಿತಿದೆ
ಬಲೆಯ ಕಣ್ಣನು ಎಣಿಸಿ ಮುಗಿಸದೆ
ತಲೆಯನೆತ್ತಳು ಅವ್ವ ಕೂಗಿಗು

ಮೊದಲು ಗಟ್ಟಿಯಾಗಿ ಎರಡು ಸಲ ಓದಿ, ಮಾತ್ರೆ (ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ) ಎಣಿಸಿ: 3-4-3-4, ಸಾಲಿಗೆ 14. ‘ಕಣ್ಣನು’ ಎಂಬಲ್ಲಿ ತಪ್ಪುವವರು ಬಹಳ. ಒತ್ತಕ್ಷರದ ಹಿಂದಿನ ‘ಕ’ ಗುರು, ಅದಕ್ಕೆ 2 ಮಾತ್ರೆ. ಎರಡನೆಯ ಅಕ್ಷರ ನಾಲ್ಕೂ ಕಡೆ ‘ಲೆ’. ಪ್ರಾಸ ಇದೆ ಎಂದಷ್ಟೇ ಬರೆದರೆ ಸಾಲದು. ಅಲೆ, ಒಲೆ, ಬಲೆ, ತಲೆ: ಹೊರಗಿನ ಸಮುದ್ರವನ್ನು ಅದು ಅಡುಗೆಮನೆ ದಾಟಿಸಿ ಅವ್ವನ ತಲೆಯೊಳಗೆ ತಂದಿಟ್ಟಿದೆ.

ಪಾತ್ರ ತಿಳಿಯಲು ಗುಣವಾಚಕ ಹುಡುಕಬೇಡಿ, ಕ್ರಿಯಾಪದ ಹಿಡಿಯಿರಿ. ಅವ್ವನ ಪಾಲಿಗಿರುವುದು ಎಣಿಸಿ ಮುಗಿಸದಿರುವುದು, ತಲೆ ಎತ್ತದಿರುವುದು. ಬಲೆ ರಿಪೇರಿ ಮಾಡುವಾಗ ಕಣ್ಣು, ಅಂದರೆ ಹೆಣಿಗೆಯ ನಡುವಿನ ತೂತು, ಎಣಿಸುವುದು ಮಾಮೂಲು. ಎಣಿಕೆ ಮುಗಿಯದಿರುವುದು ಮಾಮೂಲಲ್ಲ, ಮನಸ್ಸು ಬೇರೆಲ್ಲೋ ಇದೆ. ಇನ್ನು ‘ಎತ್ತಲಿಲ್ಲ’ ಎಂದಿದ್ದರೆ ಒಂದು ಸಲ ನಡೆದ ಸಂಗತಿಯಾಗುತ್ತಿತ್ತು. ‘ಎತ್ತಳು’ ಎಂದಾಗ ಎಷ್ಟು ಕೂಗಿದರೂ ಇಲ್ಲ ಎಂಬ ಹಟ ಸೇರುತ್ತದೆ. ಇಡೀ ಪದ್ಯದ ತೂಕ ಈ ಒಂದು ಪ್ರತ್ಯಯದ ಮೇಲಿದೆ.

ಹಾಗಾದರೆ ಕರುಣ ರಸವೇ? ಅವಸರ ಬೇಡ. ಕರುಣಕ್ಕೆ ಶೋಕ ಸ್ಥಾಯಿ, ಅಂದರೆ ನೆಲೆನಿಂತ ಮೂಲ ಭಾವ. ಇಲ್ಲಿ ಸಾವಿನ ಸುದ್ದಿಯಿಲ್ಲ, ಕಣ್ಣೀರೂ ಇಲ್ಲ. ಒಲೆ ಹೊತ್ತಿಸಿ ಬಹಳ ಹೊತ್ತಾಗಿದೆ, ಅಷ್ಟೆ. ಬಂದು ಹೋಗುವ 33 ಸಂಚಾರಿ ಭಾವಗಳಲ್ಲಿ ಚಿಂತೆ, ಶಂಕೆ ಇದಕ್ಕೆ ಸರಿಯಾಗಿ ಕೂರುತ್ತವೆ. ಕಾಲವನ್ನೂ ನೋಡಬೇಕು. ಪದ್ಯದಲ್ಲಿ ಆಷಾಢ ಎಂದಿದ್ದರೆ ಅರ್ಥವೇ ಬದಲಾಗುತ್ತಿತ್ತು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ತಣ್ಣಗಿನ ಒಲೆ ಕಡಲಿಗೆ ಹೋದವರಿಗಾಗಿ ಕಾಯುವುದನ್ನಲ್ಲ, ದುಡಿಮೆಯಿಲ್ಲದ ದಿನಗಳನ್ನು ಹೇಳೀತು. ಘಟ್ಟದ ಮೇಲಿನ ಓದುಗರು ಇಲ್ಲೇ ಎಡವುವುದು.

ಅಲಂಕಾರ ಕೊನೆಗೆ. ‘ಗೊಣಗಿದೆ’ ಉಪಮೆಯಲ್ಲ, ‘ಅಂತೆ’, ‘ಹಾಗೆ’ ಎಂಬ ವಾಚಕವೇ (ಹೋಲಿಕೆ ಸೂಚಿಸುವ ಪದವೇ) ಇಲ್ಲ. ಅಲೆಗೆ ಮನುಷ್ಯರ ನಡೆ ಹಚ್ಚಿದ್ದು, ಮಾನವೀಕರಣ. ‘ಬಲೆಯ ಕಣ್ಣು’ ಮೀನುಗಾರರ ದಿನಬಳಕೆಯ ಮಾತು, ಆದರೆ ತಲೆ ಎತ್ತದವಳ ಪಕ್ಕದಲ್ಲಿ ಅದಕ್ಕೆ ಶ್ಲೇಷದ, ಅಂದರೆ ಒಂದೇ ಪದ ಎರಡರ್ಥ ಕೊಡುವ, ಹೊಳಪು ಬಂದಿದೆ. ಉತ್ತರದಲ್ಲಿ ಪದ, ಅಲಂಕಾರ, ಪರಿಣಾಮ ಮೂರನ್ನೂ ಒಂದೇ ವಾಕ್ಯದಲ್ಲಿ ಜೋಡಿಸಿ: “‘ಬಲೆಯ ಕಣ್ಣು’ ಎಂಬ ಶ್ಲೇಷದಿಂದ, ಕಡಲ ಕಡೆ ನೋಡಲು ಅಂಜುವ ಅವ್ವನ ಕಣ್ಣು ಬಲೆಯಲ್ಲೇ ಸಿಕ್ಕಿಬಿದ್ದಂತೆ ಕಾಣುತ್ತದೆ.”