ಅಧ್ಯಯನದ ಪ್ಲಾನ್ ಬರೆಯುವ ಮುಂಚೆ ರೋಗಿಗಳ ಜೊತೆ ಕೂತಾಗ

ನಾನು ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವವರಲ್ಲಿ ಬಾಯಿ ಕ್ಯಾನ್ಸರ್ ಆದವರೇ ಜಾಸ್ತಿ. ಆಪರೇಷನ್, ರೇಡಿಯೇಷನ್ ಆದಮೇಲೆ ತುಂಬಾ ಜನರಿಗೆ ದವಡೆ ಬಿಗಿದುಕೊಳ್ಳುತ್ತದೆ. ಬಾಯಿ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ನಾವು ಅದನ್ನು ಟ್ರಿಸ್ಮಸ್ ಅನ್ನುತ್ತೇವೆ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ಒಂದೊಂದೇ ಕಡ್ಡಿ ಹೆಚ್ಚಿಸುತ್ತಾ ಹೋಗುವ ವ್ಯಾಯಾಮ ಹೇಳಿಕೊಡುತ್ತೇನೆ. ರೇಡಿಯೇಷನ್ ಶುರುವಾದ ದಿನದಿಂದಲೇ ಇದನ್ನು ಮಾಡಿಸಿದರೆ ಹೆಚ್ಚು ಉಪಯೋಗವಾ? ಅದನ್ನು ತಿಳಿಯಲು ಒಂದು ಸಣ್ಣ ಅಧ್ಯಯನಕ್ಕೆ ಹೊರಟೆವು.

ಇಂಥ ಅಧ್ಯಯನಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ವೈದ್ಯರಲ್ಲದ ಸಾಮಾನ್ಯ ವ್ಯಕ್ತಿಯೊಬ್ಬರು ಇರಲೇಬೇಕು ಅಂತ 2019ರ ಕ್ಲಿನಿಕಲ್ ಟ್ರಯಲ್ ನಿಯಮದಲ್ಲಿದೆ. ಒಳ್ಳೆಯದೇ. ಆದರೆ ಕಾಗದ ಅವರ ಕೈಗೆ ಬರುವಷ್ಟರಲ್ಲಿ ಏನು ಅಳೆಯಬೇಕು ಅನ್ನೋದು ತೀರ್ಮಾನ ಆಗಿಬಿಟ್ಟಿರುತ್ತದೆ, ಅಲ್ವಾ? ಅದಕ್ಕೇ ರೋಗಿಗಳನ್ನು ಮೊದಲೇ ಕೇಳಬೇಕು ಅನ್ನಿಸಿತು.

ಮೊದಲ ಸಲ ತಪ್ಪು ಮಾಡಿದೆ. ಡಾಕ್ಟರುಗಳ ಎದುರಲ್ಲೇ ಕೂರಿಸಿ ಕೇಳಿದೆ. "ನೀವು ಹೇಗೆ ಹೇಳ್ತೀರೋ ಹಾಗೆ ಸಾರ್" ಅಂದರು, ಅಷ್ಟೇ. ಚಿಕಿತ್ಸೆ ಕೊಡುವವರ ಮುಂದೆ ಬೇರೆ ಇನ್ನೇನು ಹೇಳಿಯಾರು?

ಎರಡನೇ ಸಲ ನಾನೊಬ್ಬಳೇ ರೋಗಿಗಳು ಉಳಿದುಕೊಳ್ಳುವ ಧರ್ಮಶಾಲೆಗೆ ಹೋದೆ. ಸಂಜೆ, ಟೀ ಹೊತ್ತು. ಮಾತಾಡಲು ಕಷ್ಟ ಆಗುವವರಿಗೆ ಅಂತ ನೋಟ್‌ಬುಕ್, ಪೆನ್ನು ಒಯ್ದಿದ್ದೆ. ನಾಲಿಗೆಯ ಆಪರೇಷನ್ ಆದ ಒಬ್ಬರು ಬರೆದು ನನ್ನ ಕಡೆ ತಿರುಗಿಸಿದರು: "ಕಡ್ಡಿ ಅಂಚು ಚೂಪು. ಬಾಯಿ ಹುಣ್ಣಾದಾಗ ಕೊಯ್ಯುತ್ತದೆ." ಎಷ್ಟೋ ಜನ ವ್ಯಾಯಾಮ ನಿಲ್ಲಿಸಿದಾಗ ಸೋಮಾರಿತನ ಅಂದುಕೊಂಡಿದ್ದೆ. ಕಡ್ಡಿಯನ್ನು ಬೆರಳಲ್ಲಿ ಸವರಿ ನೋಡಿದೆ. ಹೌದು, ಒರಟಾಗಿತ್ತು. ಈಗ ಕಡ್ಡಿಗೆ ಗಾಯಕ್ಕೆ ಕಟ್ಟುವ ಮೆತ್ತನೆಯ ಬಟ್ಟೆ (ಗಾಜ್) ಸುತ್ತಿ ಕೊಡುತ್ತೇವೆ. ಹುಣ್ಣು ಜಾಸ್ತಿ ಇರುವ ವಾರ ಬಿಡಬಹುದು, ಬಿಟ್ಟಿದ್ದನ್ನು ಬರೆದಿಟ್ಟರೆ ಸಾಕು.

ಪಕ್ಕದಲ್ಲಿ ಕೂತಿದ್ದ ರಾಯಚೂರು ಕಡೆಯ ಅಮ್ಮ ಹೇಳಿದ್ದು ಇನ್ನೂ ದೊಡ್ಡದು. "ಬಾಯಿ ಎಷ್ಟು ತೆರಿತದ ಅಂತ ಅಳತಿ ಮಾಡ್ತೀರಿ ಮೇಡಂ. ಮಂದಿ ಮುಂದ ಕುಂತು ಉಣ್ಣಾಕ ಆಗ್ತದೋ ಇಲ್ಲೋ ಅಂತ ಯಾರೂ ಕೇಳಂಗಿಲ್ಲ." ಅವರು ಮನೆಯಲ್ಲಿ ಎಲ್ಲರದ್ದೂ ಊಟ ಆದಮೇಲೆ ಅಡುಗೆಮನೆಯಲ್ಲಿ ಒಬ್ಬರೇ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ತಿನ್ನುತ್ತಾರಂತೆ. ಮದುವೆ ಮನೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ನನ್ನ ಸ್ಕೇಲಿನಲ್ಲಿ ಅವರ ಬಾಯಿ ಚೆನ್ನಾಗಿ ಸುಧಾರಿಸಿತ್ತು.

ಅವತ್ತು ರಾತ್ರಿಯೇ ಪ್ಲಾನ್ ತಿದ್ದಿದೆ. ಮಿಲಿಮೀಟರ್ ಇರಲಿ, ಅದರ ಪಕ್ಕದಲ್ಲೇ ಎರಡು ಪ್ರಶ್ನೆ ಬಂದವು: ಒಂದು ಊಟಕ್ಕೆ ಎಷ್ಟು ಹೊತ್ತು ಬೇಕು, ಬೇರೆಯವರ ಜೊತೆ ಕೂತು ಉಣ್ಣುತ್ತೀರಾ.

ಒಪ್ಪಿಗೆ ಪತ್ರವನ್ನೂ ಅವರಿಂದ ಓದಿಸಿದೆ. "ಯಾದೃಚ್ಛಿಕವಾಗಿ ವಿಂಗಡಿಸಲಾಗುವುದು" ಅನ್ನುವಲ್ಲಿ ಎಲ್ಲರೂ ನಿಂತರು. ವಿವರಿಸಿದಾಗ ಒಬ್ಬ ಹುಡುಗ, "ಚೀಟಿ ಎತ್ತಿದ ಹಾಗಾ ಅಕ್ಕಾ?" ಅಂದ. ಈಗ ಪತ್ರದಲ್ಲಿ ಇರುವುದು ಅದೇ ಮಾತು: ಅಧ್ಯಯನದಲ್ಲಿ ನೀವು ಯಾವ ಗುಂಪು ಅಂತ ಡಾಕ್ಟರು ಆರಿಸುವುದಿಲ್ಲ, ಚೀಟಿ ಎತ್ತಿದ ಹಾಗೆ ಬರುತ್ತದೆ.

ಇದನ್ನು ಮಾಡಬೇಕು ಅನ್ನುವವರಿಗೆ ಒಂದು ಮಾತು. ಸಲಹೆ ಕೇಳಲು ಸುಮ್ನೆ ಕರೆಸಬೇಡಿ, ಬಸ್ ಚಾರ್ಜು, ಹೋದ ದಿನಗೂಲಿ ಬಜೆಟ್ಟಿನಲ್ಲೇ ಬರೆಯಿರಿ. ಅಧ್ಯಯನಕ್ಕೆ ಸೇರಿದವರಿಗೆ ಇದನ್ನು ಕೊಡಬಹುದು ಅಂತ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲೇ ಇದೆ. ಸಲಹೆ ಕೊಡಲು ಬಂದವರಿಗೂ ನಾವು ಕೊಟ್ಟೆವು.

ಹೊರಡುವಾಗ ಆ ಅಮ್ಮ, "ಕಡೀಕ ಏನಾತು ಅಂತ ನಮಗೂ ಹೇಳ್ತೀರೇನ್ರಿ?" ಅಂತ ಕೇಳಿದರು. ಫೋನ್ ಮಾಡಿ ಹೇಳಬೇಕಾದವರ ಪಟ್ಟಿಯಲ್ಲಿ ಅವರದ್ದೇ ಮೊದಲ ನಂಬರು.