ಕರೆಂಟ್ ಹೋಗಿ ಬಂದಮೇಲೆ ನೆಟ್ ಯಾಕೆ ಬರಲ್ಲ?

ರಾಯಚೂರಿನ ನಮ್ಮ ಮನೆ ಅರ್ಧ ಹಳೆಯದು, ಅರ್ಧ ಹೊಸದು. ಬೀದಿ ಕಡೆ ಅಜ್ಜ ಕಟ್ಟಿಸಿದ ಕಲ್ಲಿನ ಪಡಸಾಲೆ. ನಡುವೆ ಅಂಗಳ. ಹಿಂದೆ ಅಣ್ಣ ಕಟ್ಟಿಸಿದ ಆರ್‌ಸಿಸಿ ಮನೆ, ಮೇಲೊಂದು ಕೋಣೆ. ಫೈಬರ್ ಬರೋದು ಪಡಸಾಲೆಗೆ. ಅಲ್ಲಿರೋ ಡಬ್ಬಿಯೇ ರೂಟರ್ ಕೂಡ. ಅದರಿಂದ ಒಂದು ವೈರ್ ಟಿವಿಗೆ ಹೋಗುತ್ತದೆ, ಒಂದು ಸಿಸಿಟಿವಿ ದೃಶ್ಯ ಉಳಿಸುವ ಡಿವಿಆರ್‌ಗೆ, ಇನ್ನೊಂದು ಅಂಗಳ ದಾಟಿ ಮೇಲಿನ ಕೋಣೆಗೆ. ಉಳಿದದ್ದೆಲ್ಲ ವೈಫೈ.

ಮನೆಯವರ ದೂರು ಒಂದೇ. "ವೈಫೈ ಫುಲ್ ತೋರಸ್ತದ, ನೆಟ್ ಬರವಲ್ದು." ಅದರಲ್ಲೂ ಒಂದು ವಿಚಿತ್ರ ಇತ್ತು. ಒಂದೇ ಕೋಣೆಯಲ್ಲಿ ಕೂತಾಗ ಅತ್ತಿಗೆಯ ಫೋನಿನಲ್ಲಿ ವಿಡಿಯೋ ಓಡುತ್ತಿತ್ತು, ಅವ್ವನ ಫೋನಿನಲ್ಲಿ ಮಾತ್ರ ಚಕ್ರ ತಿರುಗುತ್ತಿತ್ತು. ಅಣ್ಣ ಗಂಜ್‌ನ ಅಂಗಡಿಯಲ್ಲಿ ಕೂತು ಮನೆಯ ಕ್ಯಾಮೆರಾ ನೋಡೋಕೆ ಹೋದರೆ ಕೆಲವು ದಿನ ಕಾಣುತ್ತಿತ್ತು, ಕೆಲವು ದಿನ ಇಲ್ಲ. ಕಂಪನಿ ಕಡೆಯಿಂದ ಬಂದ ಹುಡುಗ ಡಬ್ಬಿ ಆಫ್ ಮಾಡಿ ಆನ್ ಮಾಡಿದ. "ಕಲ್ಲಿನ ಗೋಡೆ ಅಲ್ರೀ ಅಕ್ಕಾ, ರೇಂಜ್ ಹೆಂಗ್ ಬರ್ತದ? ಮೆಶ್ ಹಾಕಸ್ರಿ" ಅಂತ ಹೇಳಿ ಹೋದ. ಮೆಶ್ ಅಂದರೆ ಮನೆ ತುಂಬ ವೈಫೈ ಹರಡೋಕೆ ಒಟ್ಟಿಗೆ ಕೆಲಸ ಮಾಡುವ ಹಲವು ಡಬ್ಬಿಗಳು.

ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಡಿವಿಆರ್ ಇರೋದು ವೈರಿನಲ್ಲಿ. ಅದಕ್ಕೂ ಗೋಡೆಗೂ ಏನು ಸಂಬಂಧ?

ವೈರ್, ವೈಫೈ ಎರಡೂ ಇರುವ ಮನೆಯಲ್ಲಿ ತೊಂದರೆ ಯಾವ ಕಡೆ ಇದೆ ಅಂತ ಮೊದಲು ಬೇರ್ಪಡಿಸಬೇಕು. ಅದಕ್ಕೆ ದುಡ್ಡೇನೂ ಬೇಡ. ಫೈಬರ್ ಡಬ್ಬಿಯ ಮೇಲೆ ಎಲ್‌ಒಎಸ್ ಅಂತ ಬರೆದ ಕಡೆ ಕೆಂಪು ದೀಪ ಇರಲಿಲ್ಲ, ಅಂದರೆ ಹೊರಗಿನ ಲೈನ್ ಬದುಕಿದೆ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ವೈರಿನಿಂದ ನೇರ ಡಬ್ಬಿಗೆ ಚುಚ್ಚಿದೆ. ಮೊದಲು 192.168.1.1ಕ್ಕೆ ಪಿಂಗ್ ಕೊಟ್ಟೆ, ಅಂದರೆ ಉತ್ತರ ಬರುತ್ತಾ ಅಂತ ಕೇಳಿ ನೋಡಿದೆ. ಅದು ನಮ್ಮ ಡಬ್ಬಿಯದೇ ವಿಳಾಸ. ಆಮೇಲೆ ಹೊರಗಿರುವ ಗೂಗಲ್‌ನ ಸರ್ವರ್ 8.8.8.8ಕ್ಕೆ. ಕೊನೆಗೆ ಒಂದು ವೆಬ್‌ಸೈಟಿನ ಹೆಸರಿಗೆ. ಮೊದಲನೆಯದು ಸಿಗದಿದ್ದರೆ ತೊಂದರೆ ಮನೆಯೊಳಗೆ. ಮೊದಲನೆಯದು ಸಿಕ್ಕು ಎರಡನೆಯದು ಸಿಗದಿದ್ದರೆ ಹೊರಗಿನ ಲೈನಿನ ಕಡೆ ನೋಡಬೇಕು. ಹೆಸರು ಮಾತ್ರ ಸಿಗದಿದ್ದರೆ ತೊಂದರೆ ಡಿಎನ್‌ಎಸ್‌ನದು, ಅಂದರೆ ಹೆಸರಿನಿಂದ ವಿಳಾಸ ಹುಡುಕಿಕೊಡುವ ವ್ಯವಸ್ಥೆಯದು. ನನಗೆ ಮೂರೂ ಸಿಕ್ಕವು. ಎಲ್ಲ ಚೆನ್ನಾಗಿರುವಾಗ ಪರೀಕ್ಷೆ ಮಾಡಿದರೆ ಹೀಗೇ ಆಗೋದು. ನೆಟ್ ಕೆಟ್ಟಾಗ ಹಿಡಿಯಬೇಕು.

ಯಾವಾಗ ಕೆಡುತ್ತೆ ಅಂತ ಗಮನಿಸುತ್ತಾ ಹೋದೆ. ಕರೆಂಟ್ ಹೋಗಿ ಬಂದಮೇಲೆ ಜಾಸ್ತಿ. ಇನ್ವರ್ಟರ್ ಇದೆ ನಿಜ. ಆದರೆ ಅದು ಬದಲಾಗುವ ಒಂದು ಕ್ಷಣ ಸಾಕು, ರೂಟರ್‌ಗಳು ಆಫ್ ಆಗಿ ಮತ್ತೆ ಶುರುವಾಗುತ್ತವೆ. ಅಂಥ ಒಂದು ಸಂಜೆ ಮತ್ತೆ ವೈರ್ ಚುಚ್ಚಿದೆ. ನೆಟ್ ಇಲ್ಲ! ವಿಳಾಸ ತೋರಿಸುವ ಐಪಿಕಾನ್ಫಿಗ್ ಆಜ್ಞೆ ಕೊಟ್ಟು ನೋಡಿದರೆ ಲ್ಯಾಪ್‌ಟಾಪಿನ ವಿಳಾಸ 192.168.0.104, ಗೇಟ್‌ವೇ, ಅಂದರೆ ನೆಟ್‌ಗೆ ಹೋಗುವ ಬಾಗಿಲು, 192.168.0.1. ನಮ್ಮ ಡಬ್ಬಿಯದು 192.168.1.1 ಅಲ್ವಾ? ಈ ಸೊನ್ನೆ ಎಲ್ಲಿಂದ ಬಂತು? ಬ್ರೌಸರ್‌ನಲ್ಲಿ ಆ ವಿಳಾಸ ಹೊಡೆದೆ. ಮೇಲಿನ ಕೋಣೆಯ ಹಳೆ ರೂಟರ್ ಪಾಸ್‌ವರ್ಡ್ ಕೇಳುತ್ತಾ ತೆರೆದುಕೊಂಡಿತು.

ಹಿಂದಿನ ಕನೆಕ್ಷನ್ನಿನ ಆ ರೂಟರನ್ನು ಅಣ್ಣನ ಮಗ ಮೇಲೆ ಹಾಕಿಕೊಂಡಿದ್ದ. ಅವನಿಗೆ ಸಿಗ್ನಲ್ ಬಂತು, ಅಷ್ಟು ಸಾಕಾಗಿತ್ತು. ಅದರೊಳಗೆ ಡಿಎಚ್‌ಸಿಪಿ ಆನ್ ಇತ್ತು, ಅಂದರೆ ಅದು ಕೂಡ ಎಲ್ಲರಿಗೂ ವಿಳಾಸ ಹಂಚುತ್ತಿತ್ತು. ಒಂದೇ ಜಾಲದಲ್ಲಿ ಹಂಚುವವರು ಇಬ್ಬರು. ಫೋನ್ ಬಂದು ವಿಳಾಸ ಕೇಳಿದರೆ ಯಾರು ಮೊದಲು ಉತ್ತರ ಕೊಡುತ್ತಾರೋ ಅವರದೇ ನಡೆಯುತ್ತದೆ. ಫೈಬರ್ ಡಬ್ಬಿ ಎದ್ದು ಕೂರೋಕೆ ಹೊತ್ತು ಹಿಡಿಯುತ್ತದೆ, ಹಳೆ ರೂಟರ್ ಬೇಗ ಏಳುತ್ತದೆ. ಹಾಗಾಗಿ ಕರೆಂಟ್ ಬಂದಕೂಡಲೇ ಕೇಳಿದ ಫೋನು, ಟಿವಿ, ಡಿವಿಆರ್ ಎಲ್ಲ ಅದರ ಕೈಗೆ ಸಿಕ್ಕಿಬೀಳುತ್ತಿದ್ದವು. ಅದು ತಾನೇ ಗೇಟ್‌ವೇ ಅಂತ ಹೇಳಿಕೊಳ್ಳುತ್ತೆ, ಆದರೆ ಅದರ ಹಿಂದೆ ನೆಟ್ಟೇ ಇಲ್ಲ. ಪಡಸಾಲೆಯಲ್ಲಿ ಡಬ್ಬಿ ಪಕ್ಕದಲ್ಲೇ ಕೂತರೂ ಅವ್ವನ ಫೋನಿಗೆ ವಿಳಾಸ ಮೇಲಿನಿಂದ ಬಂದಿರುತ್ತಿತ್ತು.

ಸರಿ ಮಾಡಿದ್ದು ಹೀಗೆ. ಹಳೆ ರೂಟರನ್ನು ಜಾಲದಿಂದ ಬಿಡಿಸಿ ಲ್ಯಾಪ್‌ಟಾಪ್ ಒಂದಕ್ಕೇ ಜೋಡಿಸಿದೆ. ಮೊದಲು ಅದರ ವಿಳಾಸ 192.168.1.2 ಮಾಡಿದೆ. ಮತ್ತೆ ಒಳಗೆ ಹೋಗಿ ಡಿಎಚ್‌ಸಿಪಿ ಆಫ್ ಮಾಡಿದೆ. ಈ ಕ್ರಮ ತಿರುವುಮುರುವಾದರೆ ಲ್ಯಾಪ್‌ಟಾಪಿಗೆ ವಿಳಾಸ ಸಿಗದೆ, ಕೈಯಿಂದ ಹಾಕಿಕೊಂಡು ಒಳಗೆ ಹೋಗಬೇಕಾಗುತ್ತದೆ. ಕೆಳಗಿನಿಂದ ಬಂದ ವೈರ್ ಮನೆಯೊಳಗಿನ ಜಾಲದ ಲ್ಯಾನ್ ಪೋರ್ಟಿನಲ್ಲೇ ಇರಲಿ, ಹೊರಗಿನ ಲೈನಿಗೆ ಮೀಸಲಾದ ವ್ಯಾನ್ ಪೋರ್ಟಿಗೆ ಹಾಕಬೇಡಿ. ವಿಳಾಸ, ಡಿಎಚ್‌ಸಿಪಿ ಬದಲಿಸದೆ ಹಾಗೆ ಹಾಕಿದರೂ ನೆಟ್ ಬರುತ್ತೆ, ಆದರೆ ಮೇಲೆ ಬೇರೆಯೇ ಜಾಲ ಆಗಿಬಿಡುತ್ತೆ. ಆಗ ಮೇಲಿನ ಫೋನಿನಿಂದ ಕೆಳಗಿನ ಟಿವಿಗೆ ವಿಡಿಯೋ ಕಳಿಸೋಕೆ ಆಗಲ್ಲ. ಹೊಸ ರೂಟರ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತ ಇರುತ್ತೆ, ಅದನ್ನು ಆರಿಸಿದರೆ ಇಷ್ಟೂ ಕೆಲಸ ತಾನೇ ಆಗುತ್ತೆ. ಡಿವಿಆರ್‌ಗೆ ಮಾತ್ರ ಡಬ್ಬಿಯಲ್ಲೇ 192.168.1.50 ಅಂತ ಕಾಯಂ ವಿಳಾಸ ಬರೆದಿಟ್ಟೆ.

ಇಷ್ಟಾದರೂ ಮೇಲಿನ ಕೋಣೆಯಲ್ಲಿ ವೇಗ 100 ಎಂಬಿಪಿಎಸ್ ದಾಟುತ್ತಿರಲಿಲ್ಲ, ನಮ್ಮದು 200ರ ಪ್ಲಾನ್. ಮೇಲಿನ ವೈರಿನಲ್ಲಿ ಲ್ಯಾಪ್‌ಟಾಪಿನ ಲಿಂಕ್ ಸ್ಪೀಡ್, ಅಂದರೆ ವೈರಿನ ಎರಡು ತುದಿಯ ಸಾಧನಗಳು ಒಪ್ಪಿಕೊಂಡ ವೇಗ, ನೋಡಿದರೆ 1000 ಇರಬೇಕಾದ ಕಡೆ 100. ಇದು ಒಳ್ಳೆ ಸುಳಿವು. ಲ್ಯಾನ್ ವೈರಿನೊಳಗೆ ಎಂಟು ಎಳೆ ಇರುತ್ತವೆ, ಎರಡೆರಡು ಹೆಣೆದ ನಾಲ್ಕು ಜೋಡಿ. 100ಕ್ಕೆ ನಾಲ್ಕು ಸಾಕು, 1000ಕ್ಕೆ ಎಂಟೂ ಬೇಕು. ಟೆಸ್ಟರ್ ಹಾಕಿದಾಗ ಏಳನೇ ದೀಪ ಹತ್ತಲಿಲ್ಲ. ಅಂಗಳದ ತಗಡಿನ ಮೇಲೆ ಹಾದು ಬರುವ ಕಡೆ ವೈರಿನ ಹೊದಿಕೆ ಪುಡಿಪುಡಿಯಾಗಿತ್ತು. ಅದು ಮನೆಯೊಳಗೆ ಹಾಕುವ ವೈರ್. ನಮ್ಮೂರ ಬಿಸಿಲಿಗೆ, 40 ಡಿಗ್ರಿ ದಾಟುವ ಬೇಸಿಗೆಗೆ, ಅದು ಎಷ್ಟು ವರ್ಷ ತಡೆದೀತು?

ಊರೊಳಗಿನ ತೀನ್ ಕಂದೀಲ್ ಕಡೆ ಹೋಗಿ ಹೊರಗೆ ಹಾಕುವ ಕಪ್ಪು ಹೊದಿಕೆಯ ಕ್ಯಾಟ್ 6 ವೈರ್ ತಂದೆ. ತಗೊಳ್ಳುವ ಮುಂಚೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ, ತಾಮ್ರ ಬರೀ ಮೇಲಿನ ಲೇಪ. ಅಗ್ಗ ಇರುತ್ತೆ, ಆದರೆ ನಾನಂತೂ ತಗೊಳ್ಳಲ್ಲ. ಎಲೆಕ್ಟ್ರಿಷಿಯನ್ ಕರೆಂಟಿನ ಪೈಪಿನಲ್ಲೇ ಎಳೆದುಬಿಡೋಣ ಅಂದ. ಬೇಡ ಅಂದು ಬೇರೆ ಪೈಪ್ ಹಾಕಿಸಿದೆ. ತುದಿಗೆ ಪಿನ್ ಒತ್ತಿದ್ದು ನಾನೇ: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಬಣ್ಣದ ಕ್ರಮ ಬೇರೆಯಾದರೂ ಎರಡೂ ಕಡೆ ಒಂದೇ ಇದ್ದರೆ ಟೆಸ್ಟರ್ ದೀಪಗಳೆಲ್ಲ ಹತ್ತುತ್ತವೆ. ಆದರೆ ಜೋಡಿ ತಪ್ಪಿದ್ದರೆ ವೇಗ ಬರಲ್ಲ. ಅದಕ್ಕೇ ಟೆಸ್ಟರ್ ಜೊತೆ ಲಿಂಕ್ ಸ್ಪೀಡ್ ಕೂಡ ನೋಡಬೇಕು. ಈಗ 1000 ತೋರಿಸುತ್ತಿದೆ.

ವೈಫೈ ಕೆಲಸ ಉಳಿದದ್ದು ಸ್ವಲ್ಪವೇ. 2.4 ಗಿಗಾಹರ್ಟ್ಸ್‌ನಲ್ಲಿ ಮುಂದಿನ ಡಬ್ಬಿಗೆ ಚಾನೆಲ್ 1, ಹಿಂದಿನ ಮನೆಯ ಹಳೆ ರೂಟರ್‌ಗೆ 11 ಕೊಟ್ಟೆ. ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಆರಿಸುವ ಚಾನೆಲ್‌ಗಳು 1, 6, 11, 6ರಲ್ಲಿ ಆಗಲೇ ಅಕ್ಕಪಕ್ಕದ ಮನೆಯವರು ತುಂಬಿದ್ದರು. 5 ಗಿಗಾಹರ್ಟ್ಸ್ ಆ ಕಲ್ಲಿನ ಗೋಡೆಯನ್ನು ದಾಟಲ್ಲ, ಕಂಪನಿಯ ಆ ಹುಡುಗ ಅಷ್ಟರಮಟ್ಟಿಗೆ ಸರಿಯಾಗೇ ಹೇಳಿದ್ದ. ಎರಡೂ ರೂಟರ್‌ಗಳಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟೆ. ಎರಡಕ್ಕೂ 12 ವೋಲ್ಟಿನ ಚಿಕ್ಕ ಯುಪಿಎಸ್ ಕೂಡಿಸಿದೆ, ಕರೆಂಟ್ ಹೋದರೂ ಈಗ ಆಫ್ ಆಗಲ್ಲ.

ಪಡಸಾಲೆಯಿಂದ ಹಿಂದಿನ ಮನೆಗೆ ನಡೆದು ಬಂದರೂ ಕೆಲವು ಫೋನುಗಳು ಮುಂದಿನ ಡಬ್ಬಿಯ ಕ್ಷೀಣ ಸಿಗ್ನಲನ್ನೇ ಹಿಡಿದುಕೊಂಡಿರುತ್ತವೆ. ಯಾವಾಗ ಬಿಡಬೇಕು ಅಂತ ತೀರ್ಮಾನಿಸೋದು ಫೋನು, ರೂಟರ್ ಅಲ್ಲ. ಮುಂದಿನ ಡಬ್ಬಿಯ ಪವರ್ ಕಡಿಮೆ ಮಾಡಿದಮೇಲೆ ಹೆಚ್ಚಿನ ಫೋನುಗಳು ಸರಿಹೋದವು. ಅಣ್ಣನ ಹಳೆ ಫೋನ್ ಮಾತ್ರ ಕೇಳಲ್ಲ. ಅವನು ಅಂಗಳ ದಾಟಿದಮೇಲೆ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿಕೊಳ್ಳುತ್ತಾನೆ.