ಭಾರದ ಐಪೀಸ್ ಹಾಕಿದ್ರೆ ಫೋಕಸರ್ ಜಾರುತ್ತಿದೆಯೇ?

2 ಇಂಚಿನ ದೊಡ್ಡ ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿ ಟೆಲಿಸ್ಕೋಪನ್ನು ನೆತ್ತಿಯ ಕಡೆ ತಿರುಗಿಸಿದರೆ ಫೋಕಸ್ ತಾನಾಗಿಯೇ ಕೆಳಗೆ ಜಾರುತ್ತದೆ, ಅಲ್ವಾ? ಐಪೀಸನ್ನು ಹಿಡಿದು ಒಳಗೆ ಹೊರಗೆ ಸರಿಸುವ ಭಾಗವೇ ಫೋಕಸರ್. ಅದು ಕ್ರೇಫರ್ಡ್ ಎಂಬ ಬಗೆಯದಾದರೆ ಕಾರಣ ಸರಳ. ಅದರಲ್ಲಿ ಹಲ್ಲುಗಳಿಲ್ಲ. ಒಂದು ಉಕ್ಕಿನ ಕಡ್ಡಿ ಐಪೀಸ್ ಕೂರುವ ಕೊಳವೆಯ ಚಪ್ಪಟೆ ಭಾಗವನ್ನು ಒತ್ತಿ ಹಿಡಿಯುವ ಘರ್ಷಣೆಯೇ ಎಲ್ಲ.

ಮೊದಲು ಸ್ವಚ್ಛ ಮಾಡಿ. ಐಪೀಸ್ ತೆಗೆದು, ಟೆಲಿಸ್ಕೋಪನ್ನು ಅಡ್ಡಲಾಗಿ ಇಡಿ. ಕೊಳವೆಯನ್ನು ಪೂರ್ತಿ ಹೊರಗೆಳೆದು, ಆ ಚಪ್ಪಟೆ ಭಾಗವನ್ನೂ ಕೈಗೆಟಕುವಷ್ಟು ಕಡ್ಡಿಯನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಎಷ್ಟೋ ಸಲ ಇಷ್ಟೇ ಸಾಕು. ಅಲ್ಲಿಗೆ ಎಣ್ಣೆ, ಗ್ರೀಸ್ ಮಾತ್ರ ಖಂಡಿತ ಹಾಕಬೇಡಿ. ಇನ್ನೂ ಜಾಸ್ತಿ ಜಾರುತ್ತದೆ.

ಆಮೇಲೂ ಜಾರಿದರೆ, ಕಡ್ಡಿಯ ಒತ್ತಡ ಹೆಚ್ಚಿಸುವ ಟೆನ್ಷನ್ ಸ್ಕ್ರೂ ಬಿಗಿ ಮಾಡಿ. ಸಾಮಾನ್ಯವಾಗಿ ಫೋಕಸ್ ತಿರುಗಿಸುವ ಎರಡು ಗುಬ್ಬಿಗಳ (ನಾಬ್) ನಡುವೆ, ಫೋಕಸರ್‌ನ ಕೆಳಗೆ ಇರುತ್ತದೆ. ಒಮ್ಮೆಗೆ ಕಾಲು ಸುತ್ತು ತಿರುಗಿಸಿ, ಅತಿ ಭಾರದ ಐಪೀಸ್ ಹಾಕಿ ನೋಡಿ. ಪಕ್ಕದಲ್ಲೇ ಕೊಳವೆ ಸರಿಯದಂತೆ ಹಿಡಿಯುವ ಲಾಕ್ ಸ್ಕ್ರೂ ಕೂಡ ಇರಬಹುದು. ಅದು ಬಿಗಿಯಾಗಿರುವಾಗ ಗುಬ್ಬಿ ತಿರುಗಿಸಬೇಡಿ, ಕೊಳವೆಗೆ ಗೀರು ಬೀಳುತ್ತದೆ. ನನ್ನ ಮಟ್ಟಿಗೆ, ಗುಬ್ಬಿ ಸ್ವಲ್ಪ ಗಟ್ಟಿಯಾದರೂ ಪರವಾಗಿಲ್ಲ. ಫೋಕಸ್ ನಿಲ್ಲಬೇಕು.

ಹಲ್ಲಿರುವ ರ‍್ಯಾಕ್ ಆಂಡ್ ಪಿನಿಯನ್ ಫೋಕಸರ್ ಆದರೆ, ಪಿನಿಯನ್ (ಸಣ್ಣ ಹಲ್ಲಿನ ಚಕ್ರ) ಮೇಲಿನ ಮುಚ್ಚಳದ ಸ್ಕ್ರೂಗಳನ್ನು ಸಮನಾಗಿ ತುಸು ಬಿಗಿ ಮಾಡಿ. ಇದರ ಹಲ್ಲುಗಳಿಗಾದರೆ ತೆಳುವಾಗಿ ಗ್ರೀಸ್ ಹಚ್ಚಬಹುದು.